28 ಮಕ್ಕಳಿಗೆ ಒಂದೇ ತಿಂಡಿ

ಜೂನ್‌ನಲ್ಲಿ ಶಾಲೆ ಶುರುವಾದಾಗಲೇ ಎಲ್‌ಕೆಜಿ ಮಕ್ಕಳ ಡೈರಿಯಲ್ಲಿ ಒಂದು ಚೀಟಿ ಅಂಟಿಸಿ ಕಳಿಸಿದ್ದರು. ಹುಟ್ಟುಹಬ್ಬದ ದಿನ ಬಣ್ಣದ ಬಟ್ಟೆ ಹಾಕಬಹುದು. ಚಾಕಲೇಟ್ ಬೇಡ, ಕ್ರೀಮ್ ಕೇಕ್ ಬೇಡ, ಬಲೂನು ಬೇಡ, ರಿಟರ್ನ್ ಗಿಫ್ಟ್ ಬೇಡವೇ ಬೇಡ. ತಿಂಡಿ ಕಳಿಸುವುದಾದರೆ ಮುಂಚಿತವಾಗಿ ಮಿಸ್‌ಗೆ ತಿಳಿಸಬೇಕು, ಮನೆಯಲ್ಲಿ ಮಾಡಿದ್ದಾದರೆ ಏನೇನು ಹಾಕಿದೆ ಎಂದು ಬರೆದು ಕೊಡಬೇಕು. ಕೊನೆಯಲ್ಲಿ ದಪ್ಪಕ್ಷರದಲ್ಲಿ, ತರಗತಿಯಲ್ಲಿ ಕಡಲೆಕಾಯಿ ಮತ್ತು ಹಾಲಿನ ಅಲರ್ಜಿ ಇರುವ ಮಗು ಇದೆ ಎಂದಿತ್ತು.

ನನ್ನ ಮಗಳು ಪುಟ್ಟಿಯ ಹುಟ್ಟುಹಬ್ಬ ಬರುವುದು ಜನವರಿಯಲ್ಲಿ, ಸಂಕ್ರಾಂತಿ ಮುಗಿದ ಬೆನ್ನಿಗೆ. ಹಾಗಾಗಿ ಚೀಟಿ ಓದಿ ಮಡಚಿಟ್ಟಿದ್ದೆ. ಅಷ್ಟರೊಳಗೆ ಬೇರೆ ಮಕ್ಕಳ ಹುಟ್ಟುಹಬ್ಬಗಳು ಸಾಲಾಗಿ ಬಂದವು. ತರಗತಿಯಲ್ಲಿ 28 ಮಕ್ಕಳು. ರಜೆಗಳನ್ನೆಲ್ಲ ಕಳೆದು ಲೆಕ್ಕ ಹಾಕಿದರೆ ವಾರಕ್ಕೋ ಹತ್ತು ದಿನಕ್ಕೋ ಒಂದು ಹುಟ್ಟುಹಬ್ಬ. ಪುಟ್ಟಿ ಮನೆಗೆ ತರುತ್ತಿದ್ದ ಕವರುಗಳನ್ನು ನೋಡಿ ಯಾವ ಮನೆಯವರು ಚೀಟಿ ಓದಿದ್ದಾರೆ, ಯಾರು ಓದಿಲ್ಲ ಎಂದು ಹೇಳುವಷ್ಟು ಪಳಗಿಬಿಟ್ಟೆ. ಚಾಕಲೇಟ್ ಬೇಡ ಎಂದಿದ್ದಕ್ಕೆ ಚಾಕಲೇಟ್ ಬಿಸ್ಕತ್ತು ಕಳಿಸಿದವರಿದ್ದರು. ಕೇಕ್ ಬೇಡ ಎಂದಿದ್ದಕ್ಕೆ ಕಪ್ ಕೇಕ್.

ಒಂದು ಸಂಜೆ ಬ್ಯಾಗಿನಿಂದ ಮಫಿನ್ ತೆಗೆಯುತ್ತಾ ಪುಟ್ಟಿ ಯಾವ ವಿಶೇಷವೂ ಇಲ್ಲವೆಂಬಂತೆ ಹೇಳಿದಳು: "ಅವನಿಗೆ ಇಲ್ಲ. ಅವನು ಅವನ ಡಬ್ಬೀದೇ ತಿಂತಾನೆ. ಯಾವಾಗ್ಲೂ." ಆ ಅಲರ್ಜಿ ಇರುವ ಹುಡುಗನ ವಿಷಯ. ಅವನ ಅಮ್ಮ ಒಂದು ಪುಟ್ಟ ಡಬ್ಬಿಯಲ್ಲಿ ಅವನಿಗೆ ಒಗ್ಗುವ ತಿಂಡಿ ತುಂಬಿಸಿ ಮಿಸ್ ಹತ್ತಿರ ಇಟ್ಟಿರುತ್ತಾರಂತೆ. ಯಾರದೇ ಹುಟ್ಟುಹಬ್ಬ ಇರಲಿ, ಎಲ್ಲರಿಗೂ ಹಂಚಿದ ಮೇಲೆ ಅವನಿಗೆ ಆ ಡಬ್ಬಿ ತೆಗೆದುಕೊಡುತ್ತಾರೆ. ಏರ್ಪಾಟು ಸರಿಯಾಗಿಯೇ ಇದೆ, ಅಪಾಯವಿಲ್ಲ, ಯಾರನ್ನೂ ದೂರುವಂತಿಲ್ಲ. ಆದರೂ ನಾನು ಕಳಿಸುವುದು ಏನೇ ಆಗಲಿ, 28 ಮಕ್ಕಳಿಗೂ ಒಂದೇ ತಟ್ಟೆಯಿಂದ ಹೋಗಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಕೂತಿತು. ಅವನೊಬ್ಬನಿಗೆ ಬೇರೆ ಪ್ಯಾಕೆಟ್ ಕಳಿಸುವುದು ಸುಲಭ. ಅದೂ ಇನ್ನೊಂದು ಡಬ್ಬಿಯೇ ಆಗುತ್ತದೆ ಅಷ್ಟೆ.

ನಾವು ಓದುವಾಗ ಈ ತಲೆಬಿಸಿ ಇರಲಿಲ್ಲ. ಬಣ್ಣದ ಫ್ರಾಕು, ಕೈಯಲ್ಲಿ ಆಸೆ ಚಾಕಲೇಟಿನ ಪ್ಯಾಕೆಟ್ಟು, ಜೊತೆಗೊಬ್ಬಳು ಗೆಳತಿ. ಕ್ಲಾಸಿನವರಿಗೆ ಒಂದೊಂದು, ಮಿಸ್‌ಗೆ ಎರಡು, ಆಮೇಲೆ ಉಳಿದ ಕ್ಲಾಸುಗಳ ಮಿಸ್‌ಗಳಿಗೆ ಕೊಟ್ಟು ಬರುವ ನೆಪದಲ್ಲಿ ಅರ್ಧ ಪೀರಿಯಡ್ ಮಾಯ. ಅವತ್ತಿನ ದೊಡ್ಡ ಖುಷಿ ಚಾಕಲೇಟಲ್ಲ, ಆ ಓಡಾಟ. ಅಲರ್ಜಿಯ ಮಕ್ಕಳು ಆಗಲೂ ಇದ್ದಿರಬೇಕು. "ಅದಕ್ಕೆ ಹಾಲು ಸೇರಲ್ಲ", "ಅವನು ಕಳ್ಳೇಕಾಯಿ ತಿಂದ್ರೆ ಮೈಯೆಲ್ಲಾ ದದ್ದೇಳುತ್ತೆ" ಎಂಬ ಮಾತುಗಳು ಊರಲ್ಲಿ ಕೇಳಿದ ನೆನಪಿದೆ. ಆದರೆ ಅದನ್ನು ಚೀಟಿಯಲ್ಲಿ ಬರೆದು ಅಂಟಿಸುವವರು ಇರಲಿಲ್ಲ.

ಡಿಸೆಂಬರ್ ರಜೆಯಲ್ಲಿ ಮೊದಲು ಪುಟ್ಟಿಯನ್ನೇ ಕೇಳಿದೆ. ಅವಳ ಉತ್ತರ ಒಂದೇ: "ಪಿಂಕ್ ಕೇಕ್." ಕೇಕ್ ಶಾಲೆಯಲ್ಲಿ ಬಿಡಲ್ಲ ಎಂದೆ. "ಹಾಗಾದ್ರೆ ಪಿಂಕ್ ಏನಾದ್ರೂ."

ಈ ಪಿಂಕ್ ಎಂಬುದು ಸುಲಭದ ಬೇಡಿಕೆಯಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿಗೆ ಹಾಕುವ ರೋಡಮೈನ್-ಬಿ ಬಣ್ಣವನ್ನು, ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣಗಳನ್ನು ನಿಷೇಧಿಸಿತ್ತು. ಅದೇ ವರ್ಷ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳಿಂದ 235 ಕೇಕ್ ಮಾದರಿಗಳನ್ನು ಪರೀಕ್ಷಿಸಿದಾಗ 12ರಲ್ಲಿ ಮಿತಿ ಮೀರಿದ ಬಣ್ಣ ಸಿಕ್ಕಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ಗಳ ಹೆಸರೇ ಸುದ್ದಿಯಲ್ಲಿ ಬಂದಿತ್ತು. ಉಳಿದ 223 ಸರಿಯಾಗಿಯೇ ಇದ್ದವು, ಅದನ್ನೂ ಹೇಳಬೇಕು. ಆದರೆ ನಮ್ಮ ಮನೆಗೆ ತರುವ ಕೇಕು ಯಾವ ಪಟ್ಟಿಯದು ಎಂದು ಯಾರಿಗೆ ಗೊತ್ತು? ಮನೆಗೆ ಒಂದು ದಿನ ತಂದು ತಿನ್ನುವುದು ಬೇರೆ. ಬೇರೆಯವರ 27 ಮಕ್ಕಳಿಗೆ ನನ್ನ ಕೈಯಾರೆ ಕಳಿಸುವುದು ಬೇರೆ.

ಬೀಟ್‌ರೂಟ್ ರಸ ಹಾಕಿ ಏನಾದರೂ ಮಾಡಿದರೆ ಹೇಗೆ ಎಂದು ಯೋಚಿಸಿದೆ. ಕ್ಲಾಸಿನಲ್ಲಿ ಜೈನರ ಮನೆಯ ಹುಡುಗಿಯೊಬ್ಬಳಿದ್ದಾಳೆ, ಅವರ ಮನೆಯಲ್ಲಿ ಗೆಡ್ಡೆ ತಿನ್ನುವುದಿಲ್ಲ. ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್ ಎಲ್ಲ ಅದರಲ್ಲೇ ಬಂತು. ಒಬ್ಬನನ್ನು ಒಳಗೆ ಕರೆಯಲು ಹೋಗಿ ಇನ್ನೊಬ್ಬಳನ್ನು ಹೊರಗೆ ನಿಲ್ಲಿಸಿದಂತಾಗುತ್ತದೆ. ಬೀಟ್‌ರೂಟ್ ಕೈಬಿಟ್ಟೆ.

ಆಮೇಲೆ ಸೂಪರ್ ಮಾರ್ಕೆಟ್ಟಿನ ಬಿಸ್ಕತ್ತಿನ ಸಾಲಿನಲ್ಲಿ ನಿಂತು ಪ್ಯಾಕೆಟ್ಟುಗಳ ಬೆನ್ನು ಓದಲು ಶುರುಮಾಡಿದೆ. ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಅಷ್ಟು ಎಲ್ಲರಿಗೂ ಗೊತ್ತು. ಆದರೆ ಹಸಿರು ಚುಕ್ಕೆಯೊಳಗೆ ಹಾಲು ಬರುತ್ತದೆ, ಕಡಲೆಕಾಯಿ ಬರುತ್ತದೆ, ಎಲ್ಲವೂ ಬರುತ್ತದೆ. ನೋಡಬೇಕಾದ್ದು ಪದಾರ್ಥಗಳ ಪಟ್ಟಿಯ ಕೆಳಗಿನ ಸಾಲು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮದ ಪ್ರಕಾರ ಗೋಧಿಯಂಥ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಕಡಲೆಕಾಯಿ ಮತ್ತು ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಒಂದು ಮಿತಿಗಿಂತ ಹೆಚ್ಚಿನ ಸಲ್ಫೈಟ್ ಇವುಗಳಲ್ಲಿ ಯಾವುದಿದ್ದರೂ 'ಕಂಟೈನ್ಸ್' ಎಂದು ಬರೆಯಬೇಕು. ಎಳ್ಳು ಈ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳನ್ನೂ ಸೇರಿಸಿದ್ದಾರೆ. ಎಳ್ಳು ಹಂಚುವ ಹಬ್ಬವನ್ನೇ ಇಟ್ಟುಕೊಂಡಿರುವ ನಮ್ಮ ಪಟ್ಟಿಯಲ್ಲಿ ಅದಿಲ್ಲದಿರುವುದು ತಮಾಷೆಯೇ.

ಕೈಗೆ ಸಿಕ್ಕ ಬಿಸ್ಕತ್ತುಗಳಲ್ಲೆಲ್ಲ ಹಾಲು. ಗ್ಲೂಕೋಸ್ ಬಿಸ್ಕತ್ತಿನಲ್ಲಿ ಹಾಲು, ಮಾರಿಯಲ್ಲಿ ಹಾಲು, ಉಪ್ಪು ಬಿಸ್ಕತ್ತಿನಲ್ಲೂ ಹಾಲಿನ ಪುಡಿ. ಹಾಲಿಲ್ಲದ್ದು ಅಂತ ಒಂದೆರಡು ಸಿಕ್ಕರೆ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಮೇ ಕಂಟೈನ್ ನಟ್ಸ್'. ಅಂದರೆ ಅದೇ ಕಾರ್ಖಾನೆಯಲ್ಲೋ, ಅದೇ ಯಂತ್ರದಲ್ಲೋ ಬೀಜಗಳ ಬಿಸ್ಕತ್ತೂ ತಯಾರಾಗುತ್ತಿರಬಹುದು. ಬಣ್ಣಬಣ್ಣದ ಜೆಲ್ಲಿಗಳಲ್ಲಿ ಹಾಲೂ ಇರಲಿಲ್ಲ, ಬೀಜವೂ ಇರಲಿಲ್ಲ. ಆದರೆ ನಾಲ್ಕೈದು ವರ್ಷದ ಮಕ್ಕಳಿಗೆ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳಲ್ಲಿ ಮೊದಲ ಸಾಲಿನವೇ ಇವು. ಗಟ್ಟಿ ಪೆಪ್ಪರ್‌ಮಿಂಟು, ಇಡೀ ದ್ರಾಕ್ಷಿ, ಇಡೀ ಕಡಲೆಕಾಯಿ, ಪಾಪ್‌ಕಾರ್ನ್, ಅಂಟಂಟು ಜೆಲ್ಲಿ. ಮಕ್ಕಳ ಡಾಕ್ಟರು ಪುಟ್ಟಿ ಚಿಕ್ಕವಳಿದ್ದಾಗಿನಿಂದ ಹೇಳುತ್ತಿದ್ದ ಪಟ್ಟಿ ಇದು. ಒಬ್ಬ ಮಿಸ್ಸು, ಒಬ್ಬ ಆಯಮ್ಮ, 28 ಮಕ್ಕಳು, ಎಲ್ಲರ ಬಾಯಲ್ಲೂ ಒಂದೇ ಸಲ ಜೆಲ್ಲಿ! ಪ್ಯಾಕೆಟ್ ವಾಪಸ್ ಇಟ್ಟೆ. ಕಡ್ಡಿಯ ಲಾಲಿಪಾಪಿನ ಯೋಚನೆಯೇ ಬೇಡವಾಗಿತ್ತು. ಪ್ಲಾಸ್ಟಿಕ್ ಕಡ್ಡಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಕಾಗದದ ಕಡ್ಡಿಯದ್ದು ಸಿಗುತ್ತದೆ, ಆದರೆ ಕಡ್ಡಿ ಬಾಯಲ್ಲಿಟ್ಟುಕೊಂಡು ಓಡುವ ಮಕ್ಕಳನ್ನು ನೋಡಿದವರು ಅದನ್ನು ಕೊಳ್ಳುವುದಿಲ್ಲ.

ಮನೆ ಹತ್ತಿರದ ಅಯ್ಯಂಗಾರ್ ಬೇಕರಿಯ ಮೇಲೆ ನನಗೆ ಆಸೆ ಇತ್ತು. ಮೊಟ್ಟೆ ಹಾಕದ ಬೇಕರಿ ಎಂಬ ನಂಬಿಕೆಯ ಮೇಲೆ ಈ ಅಂಗಡಿಗಳು ಎಷ್ಟೋ ದಶಕಗಳಿಂದ ನಿಂತಿವೆ. ಜಾಮು, ಮೇಲೆ ಕೊಬ್ಬರಿ ತುರಿ ಹಾಕಿದ ಹನಿ ಕೇಕನ್ನು ಚಿಕ್ಕ ಚಿಕ್ಕ ಚೌಕ ಮಾಡಿಸಿದರೆ ಕ್ರೀಮ್ ಇಲ್ಲವಲ್ಲ, ಮಿಸ್ ಒಪ್ಪಬಹುದು ಎಂಬ ಕಳ್ಳಾಟದ ಯೋಚನೆಯೂ ಇತ್ತು. ಬೇಕರಿಯವರು ಗಲ್ಲಾ ಬಿಟ್ಟು ಎದ್ದು ಬಂದು ಕೇಳಿಸಿಕೊಂಡರು.

"ಮೇಡಂ, ಮೊಟ್ಟೆ ಇಲ್ಲ ಅಂತ ಎದೆ ಮುಟ್ಟಿ ಹೇಳ್ತೀನಿ. ಹಾಲಿನ ಪುಡಿ, ಬೆಣ್ಣೆ ಇಲ್ದೆ ನಮ್ಮಲ್ಲಿ ಏನೂ ಇಲ್ಲ. ಕಳ್ಳೇಕಾಯಿ ತಾಗಿಲ್ಲ ಅಂತಲೂ ಹೇಳಕ್ಕಾಗಲ್ಲ. ನೋಡಿ." ಅವರು ತೋರಿಸಿದ ಕಡೆ ಕಾಂಗ್ರೆಸ್ ಕಡಲೆಕಾಯಿಯ ಗಾಜಿನ ಡಬ್ಬ, ಅದರ ಪಕ್ಕದಲ್ಲೇ ಬಿಸ್ಕತ್ತಿನ ತಟ್ಟೆ. ಎರಡಕ್ಕೂ ಒಂದೇ ಇಕ್ಕಳ. "ಆ ಮಗೂಗೆ ಅಂದ್ರೆ ನಮ್ಮಲ್ಲಿ ತಗೋಬೇಡಿ." ವ್ಯಾಪಾರ ಬಿಟ್ಟು ಹೀಗೆ ಹೇಳುವವರು ಅಪರೂಪ. ಪುಟ್ಟಿಯ ಸಂಜೆಯ ಕೇಕನ್ನು ಅವರಲ್ಲೇ ಹೇಳಿ ಬಂದೆ.

ನಮ್ಮ ಅತ್ತೆ ಹಾಸನದ ಕಡೆಯವರು. ಇಷ್ಟು ದಿನ ಟಿವಿ ಮುಂದೆ ಕೂತು ನನ್ನ ಗೋಳು ಕೇಳಿಸಿಕೊಳ್ಳುತ್ತಿದ್ದವರು ಒಂದು ದಿನ, "ಸಂಕ್ರಾಂತಿ ಟೈಮಲ್ವೇ, ಸಕ್ಕರೆ ಅಚ್ಚು ಕೊಡು. ಆನೆ, ಗಿಳಿ ಎಲ್ಲಾ ಇರುತ್ತೆ, ಪಿಂಕೂ ಇರುತ್ತೆ" ಅಂದರು. ಪುಟ್ಟಿ ಕುಣಿದೇಬಿಟ್ಟಳು. ನನಗೂ ಒಂದು ಕ್ಷಣ ಸಿಕ್ಕಿತು ಅನ್ನಿಸಿತು. ಆದರೆ ಅಚ್ಚು ಹಾಕುವಾಗ ಸಕ್ಕರೆ ಪಾಕಕ್ಕೆ ಹಾಲು ಹಾಕಿಯೇ ಕೊಳೆ ತೆಗೆಯುವುದು, ಅತ್ತೆಗೇ ಅದು ನೆನಪಾಯಿತು. ಜೊತೆಗೆ ಸಕ್ಕರೆಯ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 1360 ಕ್ಯಾಲೊರಿ ಬೇಕು ಎಂದು ಹೇಳಿದೆ. ಸೇರಿಸಿದ ಸಕ್ಕರೆ ಅದರಲ್ಲಿ ಶೇ 10ಕ್ಕಿಂತ ಕಡಿಮೆ ಇರಲಿ, ಶೇ 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶೇ 5 ಎಂದರೆ 17 ಗ್ರಾಂ. ಅಂಗೈ ಅಗಲದ ಒಂದು ಆನೆ ಅಚ್ಚು ಅಷ್ಟನ್ನೂ ಒಂದೇ ಸಲ ತಿಂದು ಮುಗಿಸುತ್ತದೆ. ವರ್ಷಕ್ಕೊಂದು ದಿನ ಏನಾಗುತ್ತದೆ ಎನ್ನಬಹುದು. ಆದರೆ ಕ್ಲಾಸಿನ ಪ್ರಕಾರ ಅದು ವರ್ಷಕ್ಕೊಂದು ದಿನವಲ್ಲ, 28 ದಿನ.

ಹಣ್ಣು ಕೊಟ್ಟರೆ ಮುಗಿಯಿತಲ್ಲ ಎಂದು ನಮ್ಮ ಮನೆಯವರು. ನಿಜವಾಗಿ ನೋಡಿದರೆ ಅವರ ಮಾತಿನಲ್ಲಿ ತಪ್ಪೇ ಇಲ್ಲ. ಏಲಕ್ಕಿ ಬಾಳೆಗೆ ಲೇಬಲ್ ಬೇಡ, ಚಾಕು ಬೇಡ, ಸಿಪ್ಪೆಯೇ ಅದರ ಪ್ಯಾಕೆಟ್ಟು. ಸಕ್ಕರೆಯ ಲೆಕ್ಕವೂ ಇಲ್ಲ. ನಾಲ್ಕು ವರ್ಷದ ಮಗು ತಾನೇ ಸುಲಿದುಕೊಂಡು ತಿನ್ನುತ್ತದೆ. ಪುಟ್ಟಿಗೆ ಹೇಳಿದೆವು.

"ಬಾಳೆಹಣ್ಣಾ? ಅದು ಬರ್ತ್‌ಡೇ ಅಲ್ಲ ಅಪ್ಪಾ, ಅದು ಪೂಜೆ!"

ಆ ಮಾತಿಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಅತ್ತೆ ನಕ್ಕಿದ್ದು ಅಡುಗೆಮನೆಯವರೆಗೂ ಕೇಳಿಸಿತು. ಹುಟ್ಟುಹಬ್ಬ ಅವಳದು. ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ನಿಲ್ಲುವವಳು ಅವಳು. ಕೊಡುವವಳ ಮುಖದಲ್ಲಿ ಕಳೆ ಇಲ್ಲದಿದ್ದರೆ ಏನು ಕೊಟ್ಟರೇನು?

ರಜೆ ಮುಗಿದ ಮೇಲೆ ಶಾಲೆ ಬಿಡುವ ಹೊತ್ತಿಗೆ ಹೋಗಿ ಮಿಸ್ ಜೊತೆ ಮಾತಾಡಿದೆ. ಅವರು ಚೀಟಿಯಲ್ಲಿ ಇದ್ದದ್ದನ್ನೇ ಇನ್ನೊಮ್ಮೆ ಹೇಳಿದರು. ನಿಜವಾದ ಸಲಹೆ ಸಿಕ್ಕಿದ್ದು ಹೊರಗೆ ಚಪ್ಪಲಿ ಜೋಡಿಸುತ್ತಿದ್ದ ಆಯಮ್ಮನಿಂದ.

"ಏನಾರ ತನ್ನಿ ಅಮ್ಮ, ಕೈಗೆ ಅಂಟೋದು ಬ್ಯಾಡ. ಅಂಟಿದ್ ಕೈನ ಗೋಡೆಗೆ ಒರಸ್ತವೆ, ಆಮೇಲೆ ಒಬ್ರು ತಲೆಗ್ ಒಬ್ರು ಒರಸ್ತವೆ. ಇಪ್ಪತ್ತೆಂಟ್ ಜೊತೆ ಕೈ ತೊಳಸೋಳು ನಾನೊಬ್ಳೆ. ಪ್ಯಾಕೆಟ್ ಕೊಡ್ತೀರೋ, ಅದ್ನ ಬಿಚ್ಕೊಡೋಳೂ ನಾನೇಯ. ತಟ್ಟೇಲ್ ಇಟ್ಟು ಕೈಗ್ ಕೊಡೋ ಅಂಥದ್ದು, ಒಂದೆರಡ್ ತುತ್ತಲ್ಲಿ ಆಗೋಗೋ ಅಂಥದ್ದು ತನ್ನಿ. ಹುಡಿ ಬಿದ್ರೆ ಬೀಳ್ಲಿ, ಗುಡಿಸ್ಕತೀನಿ."

ಈ ದೃಷ್ಟಿಯಿಂದ ತಿಂಡಿಯನ್ನು ನಾನು ನೋಡೇ ಇರಲಿಲ್ಲ. ಅಂಗಡಿಗಳಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆಂದೇ ಮಾರುವ ಸರಕಿನಲ್ಲಿ ಮುಕ್ಕಾಲು ಪಾಲು ಆಯಮ್ಮನ ಪರೀಕ್ಷೆಯಲ್ಲಿ ಫೇಲು. ಒಣಗಿದ್ದು, ಕೈಗೆ ಅಂಟದ್ದು, ಹಾಲಿಲ್ಲದ್ದು, ಕಡಲೆಕಾಯಿ ಇಲ್ಲದ್ದು, ಗೆಡ್ಡೆ-ಮೊಟ್ಟೆ ಇಲ್ಲದ್ದು, ಮಕ್ಕಳಿಗೆ ಆಟವೂ ಆಗುವಂಥದ್ದು. ದಾರಿಯಲ್ಲಿ ಸ್ಕೂಟರ್ ಓಡಿಸುತ್ತಾ ಬರುವಾಗ ಹೊಳೆದದ್ದು ಕೋಡುಬಳೆ. ಬೆರಳಿಗೆ ಹಾಕಿಕೊಂಡು ಕಚ್ಚುವ ತಿಂಡಿ ಬೇರೆ ಯಾವುದಿದೆ?

"ಹುಟ್ಟಿದ ಹಬ್ಬಕ್ಕೆ ಯಾರಾದ್ರೂ ಖಾರ ಹಂಚ್ತಾರಾ?" ಎಂದು ಅತ್ತೆಯ ತಕರಾರು. ಸಿಹಿ ಇರಲೇಬೇಕು ಎಂದರು. ಅದಕ್ಕೂ ಅವರೇ ದಾರಿ ತೋರಿಸಿದರು. ಸಂಕ್ರಾಂತಿಯ ಎಳ್ಳು-ಬೆಲ್ಲದಲ್ಲಿ ಎಳ್ಳು ತೆಗೆ, ಕಡಲೆಕಾಯಿ ತೆಗೆ, ಹುರಿಗಡಲೆ ತೆಗೆ, ಉಳಿಯುವುದು ಕೊಬ್ಬರಿ-ಬೆಲ್ಲ. ಕೊಬ್ಬರಿ ತುರಿದು ಬೆಲ್ಲ ಹಾಕಿ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿದರೆ ಸಿಹಿಯೂ ಆಯಿತು, ಅಗಿಯಲು ಮೆತ್ತಗೂ ಆಯಿತು. ಎರಡಕ್ಕೂ ಕೊಬ್ಬರಿಯೇ ಆಧಾರ.

ಆ ಹುಡುಗನ ಅಮ್ಮನಿಗೆ ಫೋನ್ ಮಾಡಿದೆ. ಅದುವರೆಗೆ ಗೇಟಿನ ಹತ್ತಿರ ನಕ್ಕು ಮುಂದೆ ಹೋಗುವಷ್ಟೇ ಪರಿಚಯ.

"ನೀವು ಕೇಳಿದ್ದೇ ದೊಡ್ಡದು ಮೇಡಂ. ತೊಂದ್ರೆ ತಗೋಬೇಡಿ, ಅವನ ಡಬ್ಬಿ ಕಳಿಸ್ತೀನಿ."

"ತೊಂದ್ರೆ ಇಲ್ಲ. ನೀವು ಬೇಡ ಅಂದ್ರೆ ಬಿಡ್ತೀನಿ. ಆದ್ರೆ ಏನು ಮಾಡಿದ್ರೆ ಅವನು ತಿನ್ಬೋದು ಅಂತ ಹೇಳಿ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಒಂದೊಂದೇ ಕೇಳತೊಡಗಿದರು. ಯಾವ ಎಣ್ಣೆ? ಗಾಣದ ಕಡಲೆಕಾಯಿ ಎಣ್ಣೆ ಮನೆಯಲ್ಲಿದೆಯಾ? ನಮ್ಮಲ್ಲಿ ಅದೇ ಇರುವುದು. ರಿಫೈನ್ಡ್ ಎಣ್ಣೆಯಲ್ಲಾದರೆ ಕಡಲೆಕಾಯಿಯ ಪ್ರೋಟೀನು ಬಹುತೇಕ ಹೋಗಿರುತ್ತದೆ, ಗಾಣದ ಎಣ್ಣೆಯಲ್ಲಿ ಹಾಗೇ ಉಳಿದಿರುತ್ತದೆ, ಆ ಪ್ರೋಟೀನೇ ತೊಂದರೆ ಕೊಡುವುದು ಎಂದು ವಿವರಿಸಿದರು. ಕರಿದ ಎಣ್ಣೆಯನ್ನು ಮತ್ತೆ ಬಳಸುತ್ತೀರಾ? ಚಟ್ನಿ ರುಬ್ಬುವ ಮಿಕ್ಸಿ ಜಾರೇನಾ ಹಿಟ್ಟಿಗೂ? ತುಪ್ಪ? ಒಂದು ಚಮಚ ತುಪ್ಪಕ್ಕೆ ಏನೂ ಆಗುವುದಿಲ್ಲ ಎಂದು ಮನೆಯ ಹಿರಿಯರೇ ಅವರಿಗೆ ಎಷ್ಟೋ ಸಲ ಹೇಳಿದ್ದಾರಂತೆ. ತುಪ್ಪದಲ್ಲೂ ಹಾಲಿನ ಅಂಶ ಚೂರು ಉಳಿದಿರುತ್ತದೆ, ಹಾಲು ಜೀರ್ಣವಾಗದಿರುವುದು ಬೇರೆ, ಅಲರ್ಜಿ ಬೇರೆ ಎಂದು ಪ್ರತಿ ಮದುವೆ ಮನೆಯಲ್ಲೂ ಹೇಳಿ ಹೇಳಿ ಸಾಕಾಗಿದೆ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅಭ್ಯಾಸ ಇತ್ತು. ಕೊಬ್ಬರಿ, ಗೋಧಿ, ಅಕ್ಕಿ ಅವನಿಗೆ ಒಗ್ಗುತ್ತವೆ. ಹುರಿಗಡಲೆಯೂ ಒಗ್ಗುತ್ತದೆ.

ಹುರಿಗಡಲೆ ಎಂದಾಕ್ಷಣ ಪಕ್ಕದಲ್ಲಿ ಕಿವಿಗೊಟ್ಟು ಕೂತಿದ್ದ ಅತ್ತೆ ಕೈ ಅಡ್ಡ ಆಡಿಸಿದರು. "ಬೇಡ ಅನ್ನು. ಶೆಟ್ಟರಂಗಡೀಲಿ ಕಳ್ಳೇಕಾಯಿ ಮೂಟೇಲಿ ಅದ್ದಿದ ಸೇರನ್ನೇ ಹುರಿಗಡ್ಲೆ ಮೂಟೇಗೂ ಅದ್ದೋದು. ನಾನೇ ನೋಡಿದೀನಿ." ಫೋನಿನ ಆ ಕಡೆಯಿಂದ, "ಅಮ್ಮ ಹೇಳಿದ್ದು ಸರಿ ಮೇಡಂ, ನಾವು ಬಿಡಿ ಸಾಮಾನೇ ತರಲ್ಲ" ಎಂದು ಬಂತು. ಇಬ್ಬರೂ ಅಲ್ಲಿಂದ ಮುಂದೆ ನನ್ನನ್ನು ಬಿಟ್ಟು ತಾವೇ ಮಾತಾಡಿಕೊಂಡರು ಎನ್ನಬಹುದು. ಫೋನ್ ಸ್ಪೀಕರ್‌ಗೆ ಹಾಕಿ ನಾನು ಬರೆದುಕೊಳ್ಳುತ್ತಾ ಹೋದೆ.

ಹಾಗೆ ಪಟ್ಟಿ ತಯಾರಾಯಿತು. ಅಕ್ಕಿ ಹಿಟ್ಟು, ಚಿರೋಟಿ ರವೆ ಎರಡೂ ಪ್ಯಾಕೆಟ್ಟಿನದು, ಬೆನ್ನ ಮೇಲೆ 'ಮೇ ಕಂಟೈನ್' ಇಲ್ಲದ್ದು. ಸೂರ್ಯಕಾಂತಿ ಎಣ್ಣೆಯ ಹೊಸ ಪ್ಯಾಕೆಟ್. ಕೊಬ್ಬರಿಯನ್ನು ತುರಿದದ್ದು ತರದೆ ಇಡೀ ಗಿಟುಕು ತರುವುದು, ಮೇಲಿನ ಕಪ್ಪು ಹೆರೆದು ಮನೆಯಲ್ಲೇ ತುರಿಯುವುದು. ಮಿಕ್ಸಿ ಮುಟ್ಟುವಂತಿಲ್ಲ. ಅಚ್ಚಖಾರದ ಪುಡಿ ಬಣ್ಣಕ್ಕಷ್ಟೇ. ಇಂಗು, ಜೀರಿಗೆ, ಉಪ್ಪು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ತಿಪಟೂರಿನ ಕೊಬ್ಬರಿ ಗಿಟುಕು ಸಿಕ್ಕಿತು. ಅಲ್ಲೇ ಬೆಲ್ಲದ ಅಂಗಡಿಯಲ್ಲಿ ಕಪ್ಪಗಿರುವುದನ್ನು ಆರಿಸಿದೆ. ಬೆಲ್ಲ ಬಂಗಾರದ ಬಣ್ಣಕ್ಕೆ ಬರಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕುತ್ತಾರೆ ಎಂಬುದು ಮಂಡ್ಯದ ಆಲೆಮನೆ ನೋಡಿದವರಿಗೆಲ್ಲ ಗೊತ್ತು. ಅಂಗಡಿಯವರು ಬೆಳ್ಳಗಿನದನ್ನೇ ಮುಂದೆ ತಳ್ಳುತ್ತಿದ್ದರು, ನೋಡಲು ಚೆನ್ನ ಎಂದು.

ಪಿಂಕ್ ಇನ್ನೂ ಬಾಕಿ ಇತ್ತು. ತಿಂಡಿಗೆ ಬಣ್ಣ ಬೇಡ, ತಿಂಡಿ ಇಡುವ ಕಾಗದಕ್ಕೆ ಇರಲಿ ಎಂದು ಪುಟ್ಟಿಯನ್ನು ಒಪ್ಪಿಸಿದೆ. ಪಿಂಕ್ ಕಾಗದದಲ್ಲಿ ಐಸ್‌ಕ್ರೀಮ್ ಕೋನಿನ ಹಾಗೆ ಪೊಟ್ಟಣ ಸುತ್ತಿ, ಒಳಗೆ ಬೆಣ್ಣೆ ಕಾಗದ. ಅವಳೇ ಒಂದೊಂದಕ್ಕೂ ನಕ್ಷತ್ರ ಬರೆದಳು, ಕೆಲವಕ್ಕೆ ಬಸವನ ಹುಳು. ಸಂಕ್ರಾಂತಿಯ ದಿನ ಮನೆಯೆಲ್ಲ ಕಡಲೆಕಾಯಿ ಸಿಪ್ಪೆ, ಎಳ್ಳು. ಹಾಗಾಗಿ ಹಬ್ಬದ ಡಬ್ಬಗಳೆಲ್ಲ ಮೇಲಿನ ಗೂಡಿಗೆ ಹೋಗಿ, ಅಡುಗೆಮನೆ ಕಟ್ಟೆ ಸೋಪು ಹಾಕಿ ಉಜ್ಜಿದ ಮೇಲೆಯೇ ಕೋಡುಬಳೆಗೆ ಕೂತಿದ್ದು. ಬಾಂಡ್ಲಿ, ಜಾಲರಿ, ತುರಿಮಣೆ ಬಿಸಿನೀರಲ್ಲಿ ತೊಳೆದು ಒಣಗಿಸಿದ್ದಾಯಿತು. ಅತ್ತೆಯ ಮಡಿ ಅಡುಗೆಯ ಶಿಸ್ತು ಇಲ್ಲಿ ಉಪಯೋಗಕ್ಕೆ ಬಂತು. ಯಾವ ಪಾತ್ರೆ ಯಾವುದಕ್ಕೆ ತಾಗಿತು ಎಂದು ಕಣ್ಣಲ್ಲೇ ಲೆಕ್ಕ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ನಾಲ್ಕು ಲೋಟ ಅಕ್ಕಿ ಹಿಟ್ಟಿಗೆ ಒಂದು ಲೋಟ ಚಿರೋಟಿ ರವೆ, ಒಂದು ಲೋಟ ನಯವಾದ ಕೊಬ್ಬರಿ ತುರಿ. ಹುರಿಗಡಲೆ ಹಿಟ್ಟು ಇಲ್ಲದ್ದರಿಂದ ಗರಿ ಬರುತ್ತದೋ ಇಲ್ಲವೋ ಎಂಬ ಅನುಮಾನವಿತ್ತು. ಕಾದ ಎಣ್ಣೆಯನ್ನು ಒಂದೆರಡು ಸೌಟು ಹೆಚ್ಚಿಗೆ ಸುರಿದು, ನೀರು ಚಿಮುಕಿಸಿ ಚಿಮುಕಿಸಿ ಕಲಸಿದರು ಅತ್ತೆ. ಹೊಸೆದು ಬಳೆ ಮಾಡುವ ಕೆಲಸ ನನ್ನದು ಮತ್ತು ನಮ್ಮ ಮನೆಯವರದು. ಮಕ್ಕಳ ಬೆರಳಿಗೆ ಸಡಿಲವಾಗಿ ಕೂರುವಷ್ಟು ಚಿಕ್ಕದಿರಬೇಕು ಎಂದು ಪುಟ್ಟಿಯ ಬೆರಳನ್ನೇ ಅಳತೆಗೆ ಇಟ್ಟುಕೊಂಡೆವು. ಉರಿ ಸಣ್ಣಗಿಟ್ಟು ನಿಧಾನಕ್ಕೆ ಕರಿದರೆ ಒಳಗಿನ ಪಸೆ ಆರಿ ಗರಿಗರಿಯಾಗುತ್ತದೆ. ಅವಸರಕ್ಕೆ ಉರಿ ಏರಿಸಿದರೆ ಮೇಲೆ ಕೆಂಪು, ಒಳಗೆ ಮೆತ್ತಗೆ.

ಹುಟ್ಟುಹಬ್ಬದ ಹಿಂದಿನ ಸಂಜೆ ಮೊದಲ ಒಬ್ಬೆಯಿಂದ ಎರಡು ಕೋಡುಬಳೆ, ಒಂದು ಉಂಡೆ ತೆಗೆದು ಆ ಹುಡುಗನ ಮನೆಗೆ ಕೊಟ್ಟು ಬಂದೆ. ಅದು ಅವರ ಷರತ್ತು. ಶಾಲೆಯಲ್ಲಿ ಮೊದಲ ಸಲ ತಿನ್ನುವುದು ಬೇಡ, ಮನೆಯಲ್ಲಿ ತಮ್ಮ ಕಣ್ಣೆದುರಿಗೆ ತಿನ್ನಲಿ, ಔಷಧಿ ಕೈಗೆಟಕುವಲ್ಲಿರಲಿ ಎಂದು. ನ್ಯಾಯವಾದ ಮಾತು. ನಾನು ಕಳಿಸಿದ್ದ ಪ್ಯಾಕೆಟ್ಟುಗಳ ಬೆನ್ನಿನ ಫೋಟೋಗಳನ್ನೂ ಅವರು ದೊಡ್ಡದು ಮಾಡಿ ಓದಿದ್ದರು. ರಾತ್ರಿ ಮಲಗುವ ಹೊತ್ತಿಗೆ ಮೆಸೇಜ್ ಬಂತು: "ಏನೂ ಆಗಿಲ್ಲ. ಇನ್ನೊಂದು ಬೇಕು ಅಂತಿದಾನೆ. ನಾಳೆ ಡಬ್ಬಿ ಕಳಿಸ್ತೀನಿ, ಇರ್ಲಿ ಅಂತ. ಆದ್ರೆ ನಿಮ್ದೇ ಕೊಡಿ ಅಂತ ಮಿಸ್‌ಗೆ ಹೇಳಿದೀನಿ."

ಬೆಳಿಗ್ಗೆ ಪದಾರ್ಥಗಳ ಚೀಟಿ ಬರೆದು ಡೈರಿಗೆ ಸಿಕ್ಕಿಸಿದೆ. ಹಾಗೆ ಬರೆಯುವಾಗ ಹತ್ತೇ ಸಾಲೊಳಗೆ ಮುಗಿಯಿತು, ಸೂಪರ್ ಮಾರ್ಕೆಟ್ಟಿನ ಯಾವ ಬಿಸ್ಕತ್ತಿನ ಪಟ್ಟಿಗಿಂತಲೂ ಚಿಕ್ಕದು. ಖರ್ಚು ಮಗುವಿಗೆ 15 ರೂಪಾಯಿಯೂ ದಾಟಲಿಲ್ಲ. ಮನೆಮಂದಿಯ ದುಡಿಮೆ ಲೆಕ್ಕಕ್ಕಿಟ್ಟರೆ ಬೇರೆ ಮಾತು, ಕೆಲಸಕ್ಕೆ ಹೋಗುವ ಎಲ್ಲ ಮನೆಗಳಲ್ಲೂ ಇದು ಆಗುವ ಕೆಲಸವಲ್ಲ. ಮನೆಯಲ್ಲಿ ಅತ್ತೆ ಇಲ್ಲದಿದ್ದರೆ ನಾನೂ ಬಾಳೆಹಣ್ಣಿಗೇ ಗಟ್ಟಿಯಾಗಿ ಹಟ ಹಿಡಿಯುತ್ತಿದ್ದೆ.

ಮಧ್ಯಾಹ್ನ ಮಿಸ್ ಒಂದು ಫೋಟೋ ಕಳಿಸಿದರು. ಹತ್ತು ಬೆರಳಿಗೆ ಕೋಡುಬಳೆ ಹಾಕಿಕೊಳ್ಳಲು ಹೊರಟ ಒಬ್ಬ, ಪಕ್ಕದವಳ ಹತ್ತಿರ ಸಾಲ ಕೇಳುತ್ತಿರುವ ಇನ್ನೊಬ್ಬ. ಆಯಮ್ಮನಿಗೆಂದು ಬೇರೆ ಕಟ್ಟಿಕೊಟ್ಟಿದ್ದ ಪೊಟ್ಟಣವನ್ನು ಅವರು ಮನೆಗೆ ಒಯ್ದರಂತೆ. ಉಂಡೆಯ ಬಗ್ಗೆ ಮಾತ್ರ ಮಿಸ್ಸಿನ ಮೂಲಕ ಅವರ ತೀರ್ಪು ಬಂತು: ಪರವಾಗಿಲ್ಲ, ಸ್ವಲ್ಪ ಅಂಟುತ್ತೆ.

ಪುಟ್ಟಿ ಮಾತ್ರ ಮುಖ ಊದಿಸಿಕೊಂಡು ವ್ಯಾನಿನಿಂದ ಇಳಿದಳು. ಯಾರಿಗಾದರೂ ಸಾಲಲಿಲ್ಲವೇ ಎಂದು ಗಾಬರಿಯಾಯಿತು.

"ಅವನು ಎಲ್ರಿಗೂ ಹೇಳ್ಬಿಟ್ಟ! ನಾನು ತಟ್ಟೆ ತೆಗೆಯೋಕೆ ಮುಂಚೇನೇ. ಪ್ರೇಯರ್ ಟೈಮಲ್ಲೇ. ಕೋಡುಬಳೆ ಬರುತ್ತೆ, ಬೆರಳಿಗೆ ಹಾಕ್ಕೋಬೋದು, ನಾನು ನಿನ್ನೇನೇ ತಿಂದೆ ಅಂತ. ಎಲ್ರೂ ಅವನ ಹತ್ರಾನೇ ಕೇಳ್ತಿದ್ರು. ಸರ್‌ಪ್ರೈಸೇ ಇಲ್ಲ!"

"ಡಬ್ಬಿ ತಿಂದ್ನಾ?"

"ಅದನ್ನ ನಂಗೆ ಕೊಟ್ಟ. ಅವರಮ್ಮ ಮಾಡಿದ್ ರಾಗಿ ಉಂಡೆ. ಚೆನ್ನಾಗಿತ್ತು." ಶೂ ಬಿಚ್ಚಿ ಒಂದು ಮೂಲೆಗೆ ಎಸೆದಳು. "ಮುಂದಿನ್ ವರ್ಷ ಅವನಿಗೆ ಮೊದ್ಲೇ ಕೊಡ್ಬೇಡ."

"ಕೊಡ್ಲೇಬೇಕಲ್ಲ ಪುಟ್ಟಿ."

"ಹಾಗಾದ್ರೆ ಹೇಳ್ಬಾರ್ದು ಅಂತ ಅವನಿಗೆ ಪ್ರಾಮಿಸ್ ಮಾಡ್ಸು."